ಮೊದಲು ಕೈ ಪಳಗಲಿ, ಕ್ಯಾಮೆರಾ ಆಮೇಲೆ: ಹೊಸಬರಿಗೆ ಡ್ರೋನ್ ಹಾರಾಟದ ಪಾಠ

ಮದುವೆ ಮಂಟಪದ ಮೇಲೆ ಸುತ್ತುವ ಡ್ರೋನನ್ನೂ ತೊಗರಿ ಹೊಲಕ್ಕೆ ಔಷಧ ಸಿಂಪಡಿಸುವ ಡ್ರೋನನ್ನೂ ಕಲಬುರಗಿ ಸೀಮೆಯಲ್ಲಿ ನೋಡದವರು ಈಗ ಕಡಿಮೆ. ಅವುಗಳನ್ನು ಕಂಡು ತಾವೂ ಒಂದನ್ನು ಹಾರಿಸಬೇಕೆಂದು ಆಸೆಪಟ್ಟವರು ಅಂಗಡಿಯಲ್ಲಿ ಮೊದಲು ಕೇಳುವುದು ಕ್ಯಾಮೆರಾ ಹೇಗಿದೆ ಎಂದು. ಹೊಸಬರ ಮಟ್ಟಿಗೆ ಅದು ಕೊನೆಯ ಪ್ರಶ್ನೆಯಾಗಬೇಕು. ಡ್ರೋನನ್ನು ಗಾಳಿಯಲ್ಲಿ ಒಂದೇ ಕಡೆ ನಿಲ್ಲಿಸುವುದು, ಅದರ ಮುಖ ಯಾವ ದಿಕ್ಕಿಗಿದ್ದರೂ ಗೊಂದಲಕ್ಕೆ ಬೀಳದೆ ಬೇಕಾದ ಕಡೆಗೆ ನಡೆಸುವುದು, ಬೇಕೆಂದಾಗ ಮೆಲ್ಲಗೆ ಇಳಿಸುವುದು, ಈ ಮೂರನ್ನು ಬೆರಳುಗಳಿಗೆ ರೂಢಿ ಮಾಡಿಸುವುದೇ ಹಾರಾಟದ ಕಲಿಕೆ. ಕಣ್ಣು ಮೊಬೈಲ್ ಪರದೆಗೆ ಅಂಟಿಕೊಂಡಿದ್ದರೆ ಆ ರೂಢಿ ಬರುವುದೇ ಇಲ್ಲ. ಆದ್ದರಿಂದ ಈ ಲೇಖನದಲ್ಲಿ ಕ್ಯಾಮೆರಾದ ಮಾತು ಹೆಚ್ಚು ಬರುವುದಿಲ್ಲ.

ಯಾವುದನ್ನು ಕೊಳ್ಳಬೇಕು

ಭಾರತದ ಡ್ರೋನ್ ನಿಯಮಗಳು, 2021ರ ಪ್ರಕಾರ 250 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಕದ ಡ್ರೋನ್ ‘ನ್ಯಾನೊ’ ವರ್ಗಕ್ಕೆ ಸೇರುತ್ತದೆ. ಅದನ್ನು ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕಿಲ್ಲ, ಮೂರನೆಯವರ ವಿಮೆಯೂ ಕಡ್ಡಾಯವಲ್ಲ. 250 ಗ್ರಾಂನಿಂದ 2 ಕಿಲೋವರೆಗಿನ ‘ಮೈಕ್ರೊ’ ಡ್ರೋನನ್ನು ಹವ್ಯಾಸಕ್ಕಾಗಿ ಹಾರಿಸುವವರಿಗೂ ಪೈಲಟ್ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಆದರೆ ಆ ಡ್ರೋನನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದಲ್ಲಿ ನೋಂದಾಯಿಸಿ ವಿಶಿಷ್ಟ ಗುರುತಿನ ಸಂಖ್ಯೆ ಪಡೆಯಬೇಕು. ಕಲಿಯುವವರಿಗೆ ನ್ಯಾನೊ ವರ್ಗವೇ ಸಾಕು. ಅದರಲ್ಲೂ ಅಂಗೈಗಿಂತ ತುಸು ದೊಡ್ಡದಾದ, ಒಂದೇ ಸೆಲ್ಲಿನ ಬ್ಯಾಟರಿಯ, ರೆಕ್ಕೆಗಳ ಸುತ್ತ ಪ್ಲಾಸ್ಟಿಕ್ ಕಾಪು ಇರುವ ಮಾದರಿ ಉತ್ತಮ. ಎರಡರಿಂದ ಐದು ಸಾವಿರ ರೂಪಾಯಿಯೊಳಗೆ ಇಂಥವು ಸಿಗುತ್ತವೆ. ಹಗುರವಾದ ಕಾರಣ ಬಿದ್ದರೂ ಬೇಗ ಮುರಿಯುವುದಿಲ್ಲ, ಯಾರಿಗಾದರೂ ತಾಗಿದರೆ ದೊಡ್ಡ ಗಾಯವೂ ಆಗುವುದಿಲ್ಲ.

ಡಬ್ಬಿಯ ಮೇಲಿನ ‘4ಕೆ’, ‘ಅಡೆತಡೆ ಪತ್ತೆ’ ಮುಂತಾದ ದೊಡ್ಡ ದೊಡ್ಡ ಮಾತುಗಳನ್ನು ಈ ಬೆಲೆಯಲ್ಲಿ ನಂಬದಿರುವುದು ಒಳ್ಳೆಯದು. ನೋಡಬೇಕಾದದ್ದು ಬೇರೆ ಇದೆ. ಬ್ಯಾಟರಿಯನ್ನು ಹೊರತೆಗೆದು ಬದಲಿಸಬಹುದೇ, ಅದೇ ಅಳತೆಯ ಬ್ಯಾಟರಿ ಮತ್ತು ರೆಕ್ಕೆ ಬಿಡಿಯಾಗಿ ಸಿಗುತ್ತವೆಯೇ, ವೇಗಕ್ಕೆ ಎರಡು ಮೂರು ಹಂತಗಳಿವೆಯೇ, ಎತ್ತರವನ್ನು ತಾನೇ ಕಾಯ್ದುಕೊಳ್ಳುವ ವ್ಯವಸ್ಥೆ ಇದೆಯೇ, ಅವಸರದಲ್ಲಿ ಮೋಟರುಗಳನ್ನು ಥಟ್ಟನೆ ನಿಲ್ಲಿಸುವ ಗುಂಡಿ ಇದೆಯೇ ಎಂಬುದನ್ನು ವಿಚಾರಿಸಬೇಕು. ಸಿದ್ಧ ಡ್ರೋನುಗಳ ಆಮದನ್ನು ಕೇಂದ್ರ ಸರ್ಕಾರ 2022ರ ಫೆಬ್ರವರಿಯಲ್ಲಿ ನಿಷೇಧಿಸಿದೆ. ಬಿಡಿಭಾಗಗಳ ಆಮದಿಗೆ ಆ ನಿಷೇಧ ಇಲ್ಲ. ಹೀಗಾಗಿ ಹೆಸರಾಂತ ವಿದೇಶಿ ಮಾದರಿಗಳನ್ನು ಬಿಲ್ಲು, ಗ್ಯಾರಂಟಿ ಇಲ್ಲದೆ ಕೊಂಡರೆ ದುರಸ್ತಿಯ ಹೊಣೆ ಕೊಂಡವರ ತಲೆಗೇ ಬರುತ್ತದೆ. ಕೈಯಲ್ಲಿ ಹೆಚ್ಚಿನ ಹಣವಿದ್ದರೆ ಅದನ್ನು ಕ್ಯಾಮೆರಾಕ್ಕೆ ಹಾಕುವ ಬದಲು ಎರಡು ಹೆಚ್ಚುವರಿ ಬ್ಯಾಟರಿಗೆ ಹಾಕುವುದೇ ಜಾಣತನ. ಒಂದು ಬ್ಯಾಟರಿ ಐದರಿಂದ ಎಂಟು ನಿಮಿಷ ಹಾರಿಸಿ ಮುಗಿಯುತ್ತದೆ, ಚಾರ್ಜ್ ಆಗಲು ಒಂದು ಗಂಟೆಯ ಆಸುಪಾಸು ಬೇಡುತ್ತದೆ. ಕಾಯುವುದರಲ್ಲೇ ಹೊತ್ತು ಕಳೆದರೆ ಕೈ ಪಳಗುವುದು ಯಾವಾಗ?

ನಾಲ್ಕು ಮೋಟರುಗಳ ಲೆಕ್ಕ

ನಾಲ್ಕು ಮೋಟರುಗಳೂ ಒಂದೇ ದಿಕ್ಕಿಗೆ ತಿರುಗುವುದಿಲ್ಲ. ಮೂಲೆಯಿಂದ ಮೂಲೆಗೆ ಎದುರುಬದುರಾಗಿರುವ ಒಂದು ಜೋಡಿ ಗಡಿಯಾರದ ಮುಳ್ಳಿನ ದಿಕ್ಕಿಗೂ ಇನ್ನೊಂದು ಜೋಡಿ ಅದರ ವಿರುದ್ಧ ದಿಕ್ಕಿಗೂ ತಿರುಗುತ್ತದೆ. ಒಂದು ಜೋಡಿಯ ತಿರುಚನ್ನು ಇನ್ನೊಂದು ಜೋಡಿ ಸರಿತೂಗಿಸುವುದರಿಂದಲೇ ಡ್ರೋನ್ ಬುಗುರಿಯಾಗದೆ ನಿಲ್ಲುತ್ತದೆ. ಒಂದು ಜೋಡಿಯನ್ನು ಚುರುಕುಗೊಳಿಸಿ ಇನ್ನೊಂದನ್ನು ನಿಧಾನಗೊಳಿಸಿದರೆ ಅದು ನಿಂತಲ್ಲೇ ಮುಖ ತಿರುಗಿಸುತ್ತದೆ. ಹಿಂದಿನ ಎರಡು ಮೋಟರುಗಳು ಚುರುಕಾದರೆ ಮುಂದಕ್ಕೆ ಬಾಗಿ ಸಾಗುತ್ತದೆ, ಎಡಗಡೆಯವು ಚುರುಕಾದರೆ ಬಲಕ್ಕೆ ಸರಿಯುತ್ತದೆ. ಈ ಲೆಕ್ಕ ತಿಳಿದಿರದೆಯೂ ಹಾರಿಸಬಹುದು, ಆದರೆ ಮುರಿದ ರೆಕ್ಕೆಯನ್ನು ಬದಲಿಸುವ ದಿನ ಇದು ಬೇಕೇ ಬೇಕು. ರೆಕ್ಕೆಗಳಲ್ಲಿ ‘ಎ’ ಮತ್ತು ‘ಬಿ’ ಎಂದು ಎರಡು ಬಗೆ ಇರುತ್ತವೆ; ಬುಡದಲ್ಲಿ ಸಣ್ಣಗೆ ಅಚ್ಚೊತ್ತಿದ ಆ ಅಕ್ಷರವನ್ನು ನೋಡದೆ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೆ ಡ್ರೋನ್ ಏಳುವ ಮೊದಲೇ ಮಗುಚಿಕೊಳ್ಳುತ್ತದೆ. ಮೋಟರ್ ಕೆಟ್ಟಿದೆಯೆಂದು ತಂದು ತೋರಿಸುವ ಡ್ರೋನುಗಳಲ್ಲಿ ಎಷ್ಟೋ ಸಲ ಇರುವ ದೋಷ ಇಷ್ಟೇ.

ನಮ್ಮಲ್ಲಿ ಸಿಗುವ ಬಹುತೇಕ ರಿಮೋಟ್‌ಗಳಲ್ಲಿ ಎಡಗೈ ಸ್ಟಿಕ್ಕು ಮೇಲೆ ಕೆಳಗೆ ಮಾಡಿದರೆ ಡ್ರೋನ್ ಏರುತ್ತದೆ, ಇಳಿಯುತ್ತದೆ. ಅದನ್ನೇ ಪಕ್ಕಕ್ಕೆ ಸರಿಸಿದರೆ ಮುಖ ತಿರುಗುತ್ತದೆ. ಹಿಂದೆ, ಮುಂದೆ, ಎಡಕ್ಕೆ, ಬಲಕ್ಕೆ ಚಲಿಸುವುದೆಲ್ಲ ಬಲಗೈ ಸ್ಟಿಕ್ಕಿನ ಕೆಲಸ.

ಎಲ್ಲಿ ಹಾರಿಸಬಹುದು, ಎಲ್ಲಿ ಕೂಡದು

ಡ್ರೋನ್ ಚಿಕ್ಕದಾಗಿದೆ ಎಂದ ಮಾತ್ರಕ್ಕೆ ಆಕಾಶದ ನಿಯಮಗಳು ಅದಕ್ಕೆ ಅನ್ವಯಿಸುವುದಿಲ್ಲವೆಂದು ತಿಳಿಯಬಾರದು. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ದೇಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ಗುರುತಿಸಲಾಗಿದೆ. ಹಸಿರು ವಲಯದಲ್ಲಿ 400 ಅಡಿ, ಅಂದರೆ ಸುಮಾರು 120 ಮೀಟರ್ ಎತ್ತರದವರೆಗೆ ಹಾರಿಸಲು ಅನುಮತಿ ಬೇಕಿಲ್ಲ. ಕಾರ್ಯನಿರತ ವಿಮಾನ ನಿಲ್ದಾಣದ ಎಲ್ಲೆಯಿಂದ 5ರಿಂದ 8 ಕಿಲೋಮೀಟರಿನ ನಡುವೆ ನೆಲದಿಂದಲೇ ಹಳದಿ ವಲಯ ಶುರುವಾಗುತ್ತದೆ, ಅಲ್ಲಿ ವಾಯು ಸಂಚಾರ ನಿಯಂತ್ರಕರ ಒಪ್ಪಿಗೆ ಬೇಕು. 8ರಿಂದ 12 ಕಿಲೋಮೀಟರಿನ ನಡುವೆ 200 ಅಡಿಯವರೆಗೆ ಅವಕಾಶವಿದೆ. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ನಿಯಮ ಮೀರಿದವರಿಗೆ ವಿಧಿಸಬಹುದಾದ ದಂಡ 1 ಲಕ್ಷ ರೂಪಾಯಿಯವರೆಗೆ ಇದೆ.

ನಮ್ಮ ಮೂರು ಜಿಲ್ಲೆಗಳಿಗೆ ಇದನ್ನು ಅನ್ವಯಿಸಿ ನೋಡಿದರೆ ಬೀದರಿನವರಿಗೇ ತೊಡಕು ಹೆಚ್ಚು. ಬೀದರ್ ವಾಯುಪಡೆಯ ತರಬೇತಿ ನೆಲೆ. ಹಾಕ್ ಜೆಟ್‌ಗಳು ಅಲ್ಲಿಂದಲೇ ಹಾರುತ್ತವೆ, ವಾಯುಪಡೆಯ ವೈಮಾನಿಕ ಕಸರತ್ತಿನ ಸೂರ್ಯಕಿರಣ ತಂಡದ ಠಾಣೆಯೂ ಅದೇ, 2020ರ ಫೆಬ್ರವರಿಯಿಂದ ಪ್ರಯಾಣಿಕರ ವಿಮಾನಗಳಿಗೂ ಅಲ್ಲಿ ನೆಲೆ ಸಿಕ್ಕಿತು. ಆದ್ದರಿಂದ ಬೀದರ್ ನಗರದವರು ಪಾಠವನ್ನೆಲ್ಲ ಮನೆಯೊಳಗೇ ಮುಗಿಸಿ, ಬಯಲಿನ ಅಭ್ಯಾಸಕ್ಕೆ ನಕ್ಷೆ ನೋಡಿಕೊಂಡು ಭಾಲ್ಕಿ, ಹುಮನಾಬಾದ್ ಅಥವಾ ಬಸವಕಲ್ಯಾಣದ ಕಡೆಯ ನೆಂಟರ ಹೊಲಕ್ಕೆ ಹೋಗುವುದು ಕ್ಷೇಮ. ಕಲಬುರಗಿಯ ವಿಮಾನ ನಿಲ್ದಾಣ 2019ರ ನವೆಂಬರಿನಲ್ಲಿ ಶ್ರೀನಿವಾಸ ಸರಡಗಿಯ ಬಳಿ ಶುರುವಾಗಿದೆ. ನಗರದ ಪೂರ್ವಕ್ಕೆ, ಸೇಡಂ ರಸ್ತೆಯ ಕಡೆಗೆ ಇರುವವರು ತಮ್ಮ ಬಡಾವಣೆ ಎಷ್ಟು ದೂರದಲ್ಲಿದೆಯೆಂದು ನಕ್ಷೆಯಲ್ಲಿ ನೋಡಿಯೇ ಹೊರಗೆ ಬರಬೇಕು. ಯಾದಗಿರಿ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲದ ಕಾರಣ ಶಹಾಪುರ, ಸುರಪುರದ ಕಡೆಯ ಹವ್ಯಾಸಿಗಳಿಗೆ ಆಕಾಶ ಹೆಚ್ಚು ಸಲೀಸು, ಆದರೂ ನಕ್ಷೆ ನೋಡುವ ಅಭ್ಯಾಸವನ್ನು ಅವರೂ ಬಿಡಬಾರದು.

ಇನ್ನು ಕೋಟೆ, ಗುಮ್ಮಟಗಳ ಮಾತು. ಬೀದರ್ ಕೋಟೆ, ಮಹಮೂದ್ ಗವಾನ್ ಮದರಸಾ, ಅಷ್ಟೂರಿನ ಬಹಮನಿ ಗೋರಿಗಳು, ಕಲಬುರಗಿಯ ಕೋಟೆ ಮತ್ತು ಹಫ್ತ್ ಗುಂಬಜ್, ಇವೆಲ್ಲ ಮೇಲಿನಿಂದ ನೋಡಲು ಎಷ್ಟು ಚೆಂದವೆಂದು ಊಹಿಸಬಹುದು, ಹೊಸ ಡ್ರೋನ್ ಕೊಂಡವರ ಮನಸ್ಸು ಮೊದಲು ಓಡುವುದೂ ಅಲ್ಲಿಗೇ. ಆದರೆ ಇವು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳು. ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಅಲ್ಲಿ ಡ್ರೋನ್ ಹಾರಿಸುವಂತಿಲ್ಲ. ಜಾತ್ರೆ, ಉರುಸು, ತೇರಿನ ಮೆರವಣಿಗೆಗಳ ಮೇಲಂತೂ ಹಾರಿಸಲೇಬಾರದು, ಏಕೆಂದರೆ ಬ್ಯಾಟರಿ ಕೈಕೊಟ್ಟರೆ ಇಳಿಸಲು ಕೆಳಗೆ ಅಂಗೈಯಗಲ ನೆಲವೂ ಇರುವುದಿಲ್ಲ.

ಮೊದಲ ಪಾಠ ಪಡಸಾಲೆಯಲ್ಲಿ

ಹೊರಗಿನ ಗಾಳಿ ಹೊಸಬರ ಕೈಯನ್ನು ಕೆಡಿಸುತ್ತದೆ. ಡ್ರೋನ್ ಸರಿದದ್ದು ತಮ್ಮ ಬೆರಳಿನಿಂದಲೋ ಗಾಳಿಯಿಂದಲೋ ತಿಳಿಯದೆ ಅವರು ತಬ್ಬಿಬ್ಬಾಗುತ್ತಾರೆ. ಆದ್ದರಿಂದ ಕಲಿಕೆ ಮನೆಯೊಳಗೇ ಆರಂಭವಾಗಲಿ. ಶಹಾಬಾದ್ ಫರ್ಸಿ ಹಾಸಿದ ಪಡಸಾಲೆ ಇದ್ದರೆ ಅದಕ್ಕಿಂತ ಒಳ್ಳೆಯ ಶಾಲೆ ಬೇರೆ ಬೇಡ: ಕಲ್ಲು ಕಲ್ಲಿನ ನಡುವಿನ ಗೆರೆಗಳೇ ಡ್ರೋನ್ ಎತ್ತ ಸರಿಯಿತು, ಎಷ್ಟು ಸರಿಯಿತು ಎಂಬುದನ್ನು ಅಳೆದು ತೋರಿಸುತ್ತವೆ. ಫ್ಯಾನನ್ನು ಪೂರ್ತಿ ನಿಲ್ಲಿಸಬೇಕು. ಏಪ್ರಿಲ್‌ನ ಸೆಕೆಯಲ್ಲಿ ಇದು ಶಿಕ್ಷೆಯಂತೆ ಕಂಡರೂ ಬೇರೆ ದಾರಿ ಇಲ್ಲ, ಏಕೆಂದರೆ ತಿರುಗುವ ಫ್ಯಾನಿಗೆ ಡ್ರೋನ್ ತಾಗಿದರೆ ಅದರ ಚೂರುಗಳು ಎತ್ತ ಹಾರುತ್ತವೆಂದು ಹೇಳಲಾಗದು. ಇದಲ್ಲದೆ, ಎತ್ತರ ಕಾಯುವ ಡ್ರೋನುಗಳು ಗಾಳಿಯ ಒತ್ತಡವನ್ನು ಅಳೆದೇ ಎತ್ತರವನ್ನು ತಿಳಿಯುವುದರಿಂದ ಫ್ಯಾನಿನ ಗಾಳಿಗೆ, ಬಾಗಿಲನ್ನು ರಪ್ಪನೆ ಮುಚ್ಚಿದಾಗಿನ ಒತ್ತಡಕ್ಕೆ ಅವು ಮೋಸಹೋಗಿ ಥಟ್ಟನೆ ಏರಿಬಿಡುವುದೂ ಕುಸಿಯುವುದೂ ಉಂಟು. ಹಗ್ಗದ ಮೇಲೆ ಒಣಹಾಕಿದ ಸೀರೆ, ಕಿಟಕಿಯ ಪರದೆ, ಹರಿದಾಡುವ ಮಕ್ಕಳು, ಎಲ್ಲವೂ ದೂರವಿರಲಿ.

ಡ್ರೋನನ್ನು ಸಮತಟ್ಟಾದ ಕಲ್ಲಿನ ಮೇಲಿಟ್ಟು ಅದರ ಬಾಲ ನಿಮ್ಮ ಕಡೆ, ಮುಖ ಆಚೆಗೆ ಇರುವಂತೆ ನೋಡಿಕೊಳ್ಳಿ. ಆನ್ ಮಾಡುವಾಗ ರಿಮೋಟ್ ಮೊದಲು, ಡ್ರೋನ್ ಆಮೇಲೆ. ಮುಗಿಸುವಾಗ ಡ್ರೋನ್ ಮೊದಲು, ರಿಮೋಟ್ ಆಮೇಲೆ. ಅನೇಕ ಮಾದರಿಗಳಲ್ಲಿ ಎಡಗೈ ಸ್ಟಿಕ್ಕನ್ನು ಒಮ್ಮೆ ಪೂರ್ತಿ ಮೇಲೊತ್ತಿ ಕೆಳಗಿಳಿಸಿದಾಗ ಮಿಣುಕುವ ದೀಪ ನಿಂತು ಎರಡಕ್ಕೂ ಸಂಪರ್ಕ ಕೂಡುತ್ತದೆ. ಕೈಪಿಡಿಯಲ್ಲಿ ಹೇಳಿದಂತೆ ಗೈರೊವನ್ನು, ಅಂದರೆ ಡ್ರೋನಿನ ಓರೆಯನ್ನು ಅಳೆಯುವ ಒಳಗಿನ ಸಾಧನವನ್ನು, ಸಮಗೊಳಿಸುವ ಕೆಲಸವನ್ನು ಹಾರಿಸುವ ಮೊದಲೇ ಮಾಡಿ. ಓರೆ ನೆಲದ ಮೇಲೆ ಅದನ್ನು ಮಾಡಿದರೆ ಡ್ರೋನ್ ಆ ಓರೆಯನ್ನೇ ಸಮವೆಂದು ತಿಳಿದು ಒಂದೇ ಪಕ್ಕಕ್ಕೆ ಜಾರುತ್ತಿರುತ್ತದೆ.

ವೇಗವನ್ನು ಕಡಿಮೆ ಹಂತದಲ್ಲಿಟ್ಟು ಎಡಗೈಯಿಂದ ಎಬ್ಬಿಸಿ. ನೆಲದಿಂದ ಗೇಣುದ್ದ ಎತ್ತರದಲ್ಲಿ ಡ್ರೋನ್ ಕುಣಿದಾಡುತ್ತದೆ, ರೆಕ್ಕೆಯ ಗಾಳಿ ನೆಲಕ್ಕೆ ಬಡಿದು ವಾಪಸು ಬರುವುದೇ ಇದಕ್ಕೆ ಕಾರಣ. ಹೆದರಿ ಅಲ್ಲೇ ಇಡಲು ಹೋಗುವುದಕ್ಕಿಂತ ಸೊಂಟದ ಎತ್ತರಕ್ಕೆ ಒಯ್ದರೆ ಅದು ತಾನಾಗಿ ಶಾಂತವಾಗುತ್ತದೆ. ಈಗ ಮಾಡಬೇಕಾದ ಕೆಲಸ ಒಂದೇ: ಡ್ರೋನ್ ಮೇಲೆದ್ದ ಕಲ್ಲಿನ ಸುತ್ತಲಿನ ನಾಲ್ಕು ಕಲ್ಲುಗಳ ಎಲ್ಲೆ ದಾಟದಂತೆ ಅದನ್ನು ನಿಲ್ಲಿಸಿಕೊಳ್ಳುವುದು. ಸ್ಟಿಕ್ಕನ್ನು ತುದಿಮುಟ್ಟ ತಳ್ಳದೆ ಕೂದಲೆಳೆಯಷ್ಟು ಒತ್ತಿ ಬಿಡಬೇಕು. ಇಲ್ಲೊಂದು ಸಂಗತಿಯನ್ನು ಕೈಪಿಡಿಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಸ್ಟಿಕ್ ಬಿಟ್ಟೊಡನೆ ಡ್ರೋನ್ ಮೈಯನ್ನು ಸಮ ಮಾಡಿಕೊಳ್ಳುತ್ತದೆಯೇ ಹೊರತು ನಿಲ್ಲುವುದಿಲ್ಲ, ಇದ್ದ ವೇಗದಲ್ಲಿ ಜಾರುತ್ತಲೇ ಹೋಗುತ್ತದೆ. ಅದನ್ನು ನಿಲ್ಲಿಸಲು ವಿರುದ್ಧ ದಿಕ್ಕಿಗೆ ಒಂದು ಸಣ್ಣ ಒತ್ತು ಕೊಡಬೇಕು. ಈ ಎದುರೊತ್ತು ಯೋಚಿಸದೆಯೇ ಬರತೊಡಗಿದ ದಿನ ಅರ್ಧ ಹಾರಾಟ ಬಂದಂತೆಯೇ. ಕೈ ಬಿಟ್ಟಾಗಲೆಲ್ಲ ಒಂದೇ ಕಡೆಗೆ ಸರಿಯುತ್ತಿದ್ದರೆ ಮಾತ್ರ ಅದು ಡ್ರೋನಿನ ದೋಷ. ರಿಮೋಟಿನಲ್ಲಿರುವ ಟ್ರಿಮ್ ಗುಂಡಿಯನ್ನು ವಿರುದ್ಧ ಕಡೆಗೆ ಒಂದೊಂದಾಗಿ ಒತ್ತಿ ಸರಿಪಡಿಸಬಹುದು.

ಒಂದು ಬ್ಯಾಟರಿ ಪೂರ್ತಿ ಮುಗಿಯುವವರೆಗೆ ನಾಲ್ಕು ಕಲ್ಲಿನೊಳಗೆ ನಿಲ್ಲಿಸಲು ಬಂದ ಮೇಲೆಯೇ ಬಯಲಿಗೆ ಹೋಗುವ ಮಾತು.

ಬಯಲಿನಲ್ಲಿ: ಮುಖ ನಮ್ಮ ಕಡೆ ತಿರುಗಿದಾಗ

ನಮ್ಮ ಸೀಮೆಯಲ್ಲಿ ಹಾರಾಟಕ್ಕೆ ಒಳ್ಳೆಯ ಕಾಲವೆಂದರೆ ಅಕ್ಟೋಬರಿನಿಂದ ಫೆಬ್ರವರಿ, ಒಳ್ಳೆಯ ಹೊತ್ತೆಂದರೆ ಸೂರ್ಯ ಮೂಡಿದ ಮೇಲಿನ ಒಂದೆರಡು ತಾಸು. ಜೂನ್, ಜುಲೈಯಲ್ಲಿ ಬೀಸುವ ಮುಂಗಾರು ಗಾಳಿಗೆ ಈ ಹಗುರ ಡ್ರೋನುಗಳು ತಡೆಯುವುದಿಲ್ಲ. ಬೇಸಿಗೆಯ ನಡುಹಗಲಲ್ಲಿ ಕಾದ ಎರೆಹೊಲದ ಮೇಲೆ ಏಳುವ ಸುಂಟರಗಾಳಿಗೆ ಸಿಕ್ಕರೆ ಹುಡುಕುವ ಕೆಲಸವೂ ಉಳಿಯುವುದಿಲ್ಲ. ಬೇವಿನ ಮರದ ಎಲೆಗಳಷ್ಟೇ ಅಲುಗುತ್ತಿದ್ದರೆ ಹಾರಿಸಬಹುದು, ಟೊಂಗೆಗಳೇ ತೂಗುತ್ತಿದ್ದರೆ ಮನೆಗೆ ಮರಳಬೇಕು. ನೆಲದ ಬಳಿ ತಂಗಾಳಿ ಇದ್ದರೂ ಮಾಳಿಗೆಯ ಎತ್ತರ ದಾಟಿದೊಡನೆ ಗಾಳಿ ಬಿರುಸಾಗುತ್ತದೆ. ಅದಕ್ಕೇ ಮೊದಲ ದಿನಗಳಲ್ಲಿ ಆಳೆತ್ತರ ಮೀರದಿರುವುದು ಲೇಸು. ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ ಮೊದಲು ಆ ಕಡೆಗೇ ಹಾರಿಸಿದರೆ ವಾಪಸು ಬರುವಾಗ ಗಾಳಿಯೇ ನೆರವಾಗುತ್ತದೆ. ಗಾಳಿಯ ಜೊತೆಗೆ ದೂರ ಕಳಿಸಿ ಆಮೇಲೆ ಎದುರು ಗಾಳಿಯಲ್ಲಿ ಕರೆತರಲು ಹೊರಟರೆ ಬ್ಯಾಟರಿ ನಡುದಾರಿಯಲ್ಲೇ ಮುಗಿಯಬಹುದು.

ಎರೆಮಣ್ಣಿನ ಹುಡಿ ಮೋಟರಿನೊಳಗೆ ಹೊಕ್ಕರೆ ಅದರ ಆಯುಷ್ಯ ಕಡಿಮೆಯಾಗುತ್ತದೆ, ಜೋಳ ಕೊಯ್ದ ಕೂಳೆಗೆ ರೆಕ್ಕೆ ತಾಗಿದರೆ ಸೀಳುತ್ತದೆ. ಒಂದು ಅಗಲವಾದ ರಟ್ಟನ್ನು ಜೊತೆಗೆ ಒಯ್ದು ನಾಲ್ಕು ಮೂಲೆಗೂ ಕಲ್ಲಿಟ್ಟು ಅದರ ಮೇಲಿಂದಲೇ ಏರಿಸಿ ಅಲ್ಲೇ ಇಳಿಸಬೇಕು. ಗೋಣಿತಟ್ಟು ಬೇಡ, ಅದರ ನಾರು ರೆಕ್ಕೆಯ ಅಚ್ಚಿಗೆ ಸುತ್ತಿಕೊಳ್ಳುತ್ತದೆ.

ಬಾಲ ನಮ್ಮ ಕಡೆ ಇರುವವರೆಗೆ ಎಲ್ಲವೂ ಸುಲಭ: ನಮ್ಮ ಎಡವೇ ಅದರ ಎಡ. ಅದು ಮುಖ ತಿರುಗಿಸಿ ನಮ್ಮನ್ನು ನೋಡತೊಡಗಿದಾಗ ಎಡ ಬಲ ಅದಲುಬದಲಾಗುತ್ತವೆ, ಹೊಸಬರ ಡ್ರೋನುಗಳು ಗೋಡೆಗೆ, ಗಿಡಕ್ಕೆ ಬಡಿಯುವುದು ಹೆಚ್ಚಾಗಿ ಆ ಗಳಿಗೆಯಲ್ಲೇ. ‘ಹೆಡ್‌ಲೆಸ್’ ಎಂಬ ಗುಂಡಿ ಒತ್ತಿದರೆ ಮುಖ ಎತ್ತಲಿದ್ದರೂ ನಮ್ಮ ಎಡವೇ ಎಡವಾಗಿ ಉಳಿಯುತ್ತದೆ ನಿಜ, ಆದರೆ ಅದಕ್ಕೆ ಒಗ್ಗಿಕೊಂಡವರು ಮುಂದೆ ಆ ಗುಂಡಿ ಇಲ್ಲದ ಡ್ರೋನನ್ನು ಹಾರಿಸಲಾರರು. ಕಲಿಯುವವರೆಗೆ ಅದನ್ನು ಮುಟ್ಟದಿರಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಅದರ ಬದಲು ಹಂತ ಹಂತವಾಗಿ ಹೋಗಬಹುದು. ಮೊದಲು ಡ್ರೋನಿನ ಮುಖವನ್ನು ಸ್ವಲ್ಪವೇ ಓರೆಯಾಗಿಸಿ ಅಲ್ಲೇ ನಿಲ್ಲಿಸಿ, ಆಮೇಲೆ ಪೂರ್ತಿ ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿ, ಎಡಮಗ್ಗುಲೂ ಬಲಮಗ್ಗುಲೂ ಸಲೀಸಾದ ಮೇಲೆ ಮುಖವನ್ನು ಪೂರ್ತಿ ನಮ್ಮ ಕಡೆಗೆ ತನ್ನಿ. ಆ ಸ್ಥಿತಿಯಲ್ಲಿ ನೆನಪಿಡಬೇಕಾದ ಉಪಾಯ ಒಂದಿದೆ: ಡ್ರೋನ್ ಯಾವ ಕಡೆಗೆ ಜಾರುತ್ತಿದೆಯೋ ಬಲಗೈ ಸ್ಟಿಕ್ಕನ್ನು ಅದೇ ಕಡೆಗೆ ಒತ್ತಿ, ಬೀಳುವ ಮಗ್ಗುಲಿಗೆ ಊರುಗೋಲು ಕೊಟ್ಟ ಹಾಗೆ. ಗೊಂದಲ ಮೀರಿದರೆ ಮುಖವನ್ನು ತಿರುಗಿಸಿ ಬಾಲ ನಮ್ಮ ಕಡೆ ಬರುವಂತೆ ಮಾಡಿಕೊಂಡರಾಯಿತು.

ಇದು ಬಂದ ಮೇಲೆ ಹತ್ತು ಹೆಜ್ಜೆ ಅಂತರದಲ್ಲಿ ಎರಡು ನೀರಿನ ಬಾಟಲಿ ನಿಲ್ಲಿಸಿ ಅವುಗಳ ಸುತ್ತ ಇಂಗ್ಲಿಷಿನ ಎಂಟರ ಆಕಾರದಲ್ಲಿ ಸುತ್ತಿಸಿ. ಎಡಗೈ ಮುಖ ತಿರುಗಿಸುತ್ತಿರುವಾಗಲೇ ಬಲಗೈ ಮುಂದೆ ನಡೆಸುತ್ತಿರಬೇಕಾದ್ದರಿಂದ ಎರಡೂ ಕೈ ಕೂಡಿ ಕೆಲಸ ಮಾಡುವುದನ್ನು ಇದು ಕಲಿಸುತ್ತದೆ. ಇಳಿಸುವಾಗ ಮಾತ್ರ ಅವಸರ ಸಲ್ಲದು. ನೆಟ್ಟಗೆ ರಭಸದಿಂದ ಇಳಿಸಿದರೆ ಡ್ರೋನ್ ತನ್ನದೇ ರೆಕ್ಕೆಗಳು ಕಲಕಿದ ಗಾಳಿಯೊಳಗೆ ಮುಳುಗಿ, ಥ್ರಾಟಲ್ (ಏರಿಸಿ ಇಳಿಸುವ ಎಡಗೈ ಸ್ಟಿಕ್ಕು) ಎಷ್ಟು ಏರಿಸಿದರೂ ಆಸರೆ ಸಿಗದೆ ಕುಸಿಯುತ್ತದೆ. ಸ್ವಲ್ಪ ಮುಂದಕ್ಕೆ ನಡೆಸುತ್ತ ಇಳಿಸಿದರೆ ಆ ತೊಂದರೆ ಇಲ್ಲ. ಕಾಗೆ, ಹದ್ದು ಹತ್ತಿರ ಸುಳಿದರೆ ಹಾರಾಟವನ್ನು ನಿಲ್ಲಿಸಿ, ಸಂಕ್ರಾಂತಿಯ ಹೊತ್ತಿಗೆ ಗಾಳಿಪಟದ ದಾರದ ಬಗ್ಗೆ ಎಚ್ಚರವಿರಲಿ.

ಬ್ಯಾಟರಿ ಮತ್ತು ಬಿಸಿಲು

ಡ್ರೋನಿನೊಳಗಿನ ಲಿಥಿಯಂ ಪಾಲಿಮರ್ ಸೆಲ್ಲಿನ ಹೆಸರಿನ ವೋಲ್ಟೇಜ್ 3.7, ತುಂಬಿದಾಗ 4.2. ಶಕ್ತಿ ಕುಂದಿ ದೀಪ ಮಿಣುಕತೊಡಗಿದ ಮೇಲೂ ಹಾರಿಸುತ್ತಲೇ ಇದ್ದರೆ ಸೆಲ್ಲು ಒಳಗೊಳಗೇ ಕೆಡುತ್ತದೆ. ಹಾರಿಸಿದ ಕೂಡಲೇ ಬಿಸಿಯಿರುವಾಗ ಚಾರ್ಜಿಗೆ ಹಾಕಬಾರದು, ಹತ್ತು ಹದಿನೈದು ನಿಮಿಷ ನೆರಳಲ್ಲಿ ಆರಲು ಬಿಡಬೇಕು. ಚಾರ್ಜಿಗೆ ಹಾಕಿ ಮಲಗುವುದು, ಹೊರಗೆ ಹೋಗುವುದು ಬೇಡ. ಹಾಸಿಗೆ, ಬಟ್ಟೆಗಳಿಂದ ದೂರ, ಬರೀ ಕಲ್ಲಿನ ನೆಲದ ಮೇಲೆ ಇಡುವುದು ಸುರಕ್ಷಿತ. ಮೇ ತಿಂಗಳಲ್ಲಿ 42 ಡಿಗ್ರಿ ಮುಟ್ಟುವ ನಮ್ಮ ಊರುಗಳಲ್ಲಿ ನಿಲ್ಲಿಸಿದ ಕಾರಿನೊಳಗೆ, ಬೈಕಿನ ಡಿಕ್ಕಿಯೊಳಗೆ ಇವನ್ನು ಮರೆತುಬಿಡುವುದು ಅಪಾಯ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಲೇಬಾರದು, ಚುಚ್ಚಿ ಗಾಳಿ ತೆಗೆಯುವ ಸಾಹಸವನ್ನಂತೂ ಯಾರೂ ಮಾಡಬಾರದು, ಬೆಂಕಿ ಹೊತ್ತಿಕೊಳ್ಳುತ್ತದೆ. ವಾರಗಟ್ಟಲೆ ಹಾರಿಸದಿದ್ದರೆ ಪೂರ್ತಿ ತುಂಬಿಸಿ ಇಡದೆ ಅರ್ಧದಷ್ಟು ಚಾರ್ಜಿನಲ್ಲಿ, ಅಂದರೆ 3.8 ವೋಲ್ಟಿನ ಆಸುಪಾಸಿನಲ್ಲಿ ಇಡಬೇಕು.

ಬಿದ್ದಾಗ

ಬೀಳುವುದು ಖಚಿತವೆಂದು ಕಂಡೊಡನೆ ಥ್ರಾಟಲ್ಲನ್ನು ಪೂರ್ತಿ ಇಳಿಸಬೇಕು ಅಥವಾ ಮೋಟರ್ ನಿಲ್ಲಿಸುವ ಗುಂಡಿ ಒತ್ತಬೇಕು. ಬಿದ್ದ ಪೆಟ್ಟಿಗಿಂತ, ಬಿದ್ದ ಮೇಲೆ ಹುಲ್ಲಿನಲ್ಲೋ ಪರದೆಯಲ್ಲೋ ಸಿಕ್ಕಿಕೊಂಡು ತಿರುಗಲು ಒದ್ದಾಡುವುದರಿಂದ ಈ ಸಣ್ಣ ಮೋಟರುಗಳು ಹೆಚ್ಚು ಸುಟ್ಟುಹೋಗುತ್ತವೆ. ಎತ್ತಿಕೊಂಡ ಮೇಲೆ ಬ್ಯಾಟರಿ ಬಿಚ್ಚಿ ಒಂದೊಂದೇ ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿ ನೋಡಿ. ಮೂರು ಹಗುರವಾಗಿ ತಿರುಗಿ ಒಂದು ಬಿಗಿಯಾಗಿದ್ದರೆ ಅದರ ಬುಡದಲ್ಲಿ ತಲೆಗೂದಲೋ ದಾರವೋ ಸುತ್ತಿಕೊಂಡಿರುವುದೇ ಹೆಚ್ಚು; ರೆಕ್ಕೆ ಕಿತ್ತು ಸೂಜಿಯಿಂದ ಅದನ್ನು ಬಿಡಿಸಿದರೆ ಸಾಕು. ಅಂಚು ಸೀಳಿದ ರೆಕ್ಕೆ ಹಾರುತ್ತದೆಯಾದರೂ ನಡುಗುತ್ತದೆ, ಆ ನಡುಕ ಗೈರೊವಿನ ಲೆಕ್ಕ ತಪ್ಪಿಸುತ್ತದೆ. ಅಂಟು ಹಚ್ಚದೆ ಬದಲಿಸಬೇಕು.

ಹಾರಾಟಕ್ಕೆ ಒಳ್ಳೆಯ ತಿಂಗಳುಗಳಲ್ಲೇ ತೊಗರಿ ಆಳೆತ್ತರ ಬೆಳೆದು ನಿಂತಿರುವುದು ನಮ್ಮ ಸೀಮೆಯ ಹವ್ಯಾಸಿಗಳ ದುರದೃಷ್ಟ. ಅದರೊಳಗೆ ಬಿದ್ದ ಡ್ರೋನನ್ನು ಓಡಿಹೋಗಿ ಹುಡುಕಿದರೆ ಸಿಗದು, ಹೊಲದವರ ಬೈಗುಳ ಮಾತ್ರ ಸಿಗುತ್ತದೆ. ಬಿದ್ದ ಕ್ಷಣ ನಿಂತಲ್ಲಿಂದ ಕದಲದೆ, ಬಿದ್ದ ಜಾಗದ ನೇರಕ್ಕೆ ದೂರದಲ್ಲಿ ಕಾಣುವ ಒಂದು ಮರವನ್ನೋ ವಿದ್ಯುತ್ ಕಂಬವನ್ನೋ ಗುರುತಿಟ್ಟುಕೊಳ್ಳಿ. ಜೊತೆಗಾರರೊಬ್ಬರು ಬೇರೆ ಮೂಲೆಯಿಂದ ಹಾಗೆಯೇ ಗುರುತಿಟ್ಟಿದ್ದರೆ ಎರಡು ಗೆರೆಗಳು ಕೂಡುವಲ್ಲಿ ಅದು ಬಿದ್ದಿರುತ್ತದೆ. ರಿಮೋಟ್ ಆಫ್ ಮಾಡಿದರೆ ಹಲವು ಮಾದರಿಗಳ ದೀಪ ಮಿಣುಕತೊಡಗುತ್ತದೆ. ಬ್ಯಾಟರಿ ಇನ್ನೂ ಉಳಿದಿದ್ದರೆ ಮಸುಕು ಬೆಳಕಿನಲ್ಲಿ ಅದು ಸಾಲುಗಳ ನಡುವೆ ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಹೊಲದ ಒಡೆಯರನ್ನು ಕೇಳಿಯೇ ಒಳಗೆ ಹೋಗಿ, ಸಾಲಿನ ಗುಂಟ ನಡೆಯಿರಿ. ಹೂ, ಕಾಯಿ ಉದುರದಂತೆ ನಡೆಯುವವರಿಗೆ ಎರಡನೆಯ ಸಲವೂ ಒಳಗೆ ಬಿಡುತ್ತಾರೆ.